ಥಂಬ್ ಪಿಕ್ ಅಥಣಿ ಚಪ್ಪಲಿ ಅಲ್ಲ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಾಚಕರ ಪತ್ರ ವಿಭಾಗದಲ್ಲಿ ಗಿಟಾರ್ ಕಲಿಯುವ ಮಕ್ಕಳ ಬಗ್ಗೆ ಬಂದಿದ್ದ ಪತ್ರ ಓದಿದೆ. ಅದರಲ್ಲಿ ಬಹುಪಾಲು ಒಪ್ಪುವಂಥದ್ದೇ. ಒಂದು ಮಾತಿಗೆ ಮಾತ್ರ ನನ್ನ ತಕರಾರು ಇದೆ. ಗಿಟಾರ್ ತಂತಿ ಮೀಟಲು ಹೆಬ್ಬೆರಳಿಗೆ ತೊಡುವ ಥಂಬ್ ಪಿಕ್ ಹಾಕಿಕೊಂಡರೆ ಬೆರಳು ನೋಯುತ್ತದೆ ಎಂದು ಮಕ್ಕಳು ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ, ಹೊಸ ಅಥಣಿ ಚಪ್ಪಲಿಯೂ ಮೊದಲು ಕಚ್ಚುತ್ತದೆ, ಆಮೇಲೆ ತಾನಾಗಿಯೇ ಒಗ್ಗುತ್ತದೆ ಎಂದು ಅವರು ಬರೆದಿದ್ದಾರೆ. ಚಪ್ಪಲಿಯ ಮಟ್ಟಿಗೆ ಮಾತು ನಿಜ. ನಮ್ಮ ಅಥಣಿಯಲ್ಲೂ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಕೂಡ ಸೇರಿದವು, ಹಾಗಾಗಿ ಚಪ್ಪಲಿ ಬಗ್ಗೆ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಅದು ಚರ್ಮ. ಎಣ್ಣೆ ಹಚ್ಚಿದರೆ ಮೆತ್ತಗಾಗುತ್ತದೆ, ನಡೆದ ಹಾಗೆಲ್ಲ ಕಾಲಿನ ಆಕಾರಕ್ಕೆ ಬರುತ್ತದೆ. ಥಂಬ್ ಪಿಕ್ ಹೆಚ್ಚಾಗಿ ಪ್ಲಾಸ್ಟಿಕ್‌ನದು. ಇವತ್ತು ಕಚ್ಚುವ ಪಿಕ್ ಮುಂದಿನ ದೀಪಾವಳಿಗೂ ಅಲ್ಲೇ ಕಚ್ಚುತ್ತದೆ. ಅಷ್ಟರಲ್ಲಿ ಹುಡುಗ ಗಿಟಾರನ್ನೇ ಅಟ್ಟಕ್ಕೆ ಹಾಕಿರುತ್ತಾನೆ.

ನಾನು ಸಂಗೀತದ ಮಾಸ್ತರ ಅಲ್ಲ. ಬೆಳಗಾವಿಯ ಉದ್ಯಮಬಾಗದ ಒಂದು ಮಷಿನ್ ಶಾಪ್‌ನಲ್ಲಿ ಲೇತ್ ಮೇಲೆ ಕೆಲಸ. ಸಂಜೆ ಮನೆಗೆ ಬಂದ ಮೇಲೆ ಗಿಟಾರ್. ನಮ್ಮ ಗಲ್ಲಿಯ ಕೆಲವು ಹುಡುಗರು ಬಂದು ಕೂರುತ್ತಾರೆ, ನನಗೆ ಬರುವಷ್ಟು ತೋರಿಸುತ್ತೇನೆ. ಬೆರಳಿನಿಂದ ಗಿಟಾರ್ ನುಡಿಸುವವರು ಹೆಬ್ಬೆರಳಿನ ಉಗುರು ಬೆಳೆಸಿಕೊಳ್ಳುತ್ತಾರೆ, ಅದು ನನ್ನಂಥವರಿಗೆ ಆಗದ ಮಾತು. ಕಟಿಂಗ್ ಆಯಿಲ್‌ನಲ್ಲಿ ಕೈ ನೆನೆದಿರುತ್ತದೆ, ಜಾಬ್ (ಲೇತ್‌ಗೆ ಕಟ್ಟುವ ಲೋಹದ ತುಂಡು) ಎತ್ತುವಾಗ ಇಳಿಸುವಾಗ ಉಗುರು ಮುರಿದು ಹೋಗುತ್ತದೆ. ಹೊಲದಲ್ಲಿ ಕೆಲಸ ಮಾಡುವವರದ್ದೂ, ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವವರದ್ದೂ ಇದೇ ಕಥೆ ಅಲ್ವಾ. ಅಂಥವರಿಗೆಲ್ಲ ಥಂಬ್ ಪಿಕ್ ಒಂದು ವರ. ಹೆಬ್ಬೆರಳಿಗೆ ಸುತ್ತಿಕೊಳ್ಳುವ ಒಂದು ಪಟ್ಟಿ, ಅದರಿಂದ ಪಕ್ಕಕ್ಕೆ ಚಾಚಿಕೊಂಡ ಒಂದು ನಾಲಿಗೆ, ಇಷ್ಟೇ ಅದು. ನಾಲಿಗೆ ತಂತಿ ಮೀಟುತ್ತದೆ, ಉಳಿದ ಬೆರಳುಗಳು ಖಾಲಿ ಇರುತ್ತವೆ.

ನೋವಿನ ವಿಷಯವನ್ನು ಮೊದಲು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿಯೇ ಪತ್ರ ಬರೆದವರಿಗೆ ಎರಡು ಬೇರೆ ಬೇರೆ ನೋವು ಒಂದೇ ಅನ್ನಿಸಿದೆ. ಗಿಟಾರ್ ಕಲಿಯುವವರ ಎಡಗೈ ಬೆರಳ ತುದಿ ಮೊದಮೊದಲು ಉರಿಯುತ್ತದೆ. ಲೋಹದ ತಂತಿಯನ್ನು ಒತ್ತಿ ಹಿಡಿಯಬೇಕು, ಚರ್ಮಕ್ಕೆ ಅಭ್ಯಾಸ ಇರುವುದಿಲ್ಲ. ಕೆಲವು ವಾರದಲ್ಲಿ ಅಲ್ಲಿ ಚರ್ಮ ದಪ್ಪವಾಗುತ್ತದೆ, ಉರಿ ನಿಲ್ಲುತ್ತದೆ. ಇದು ಸಹಿಸಿಕೊಳ್ಳಬೇಕಾದ ನೋವು, ಇದಕ್ಕೆ ಬೇರೆ ದಾರಿ ಇಲ್ಲ. ಬಲಗೈ ಹೆಬ್ಬೆರಳಿನಲ್ಲಿ ಪಿಕ್ ಹಾಕಿಕೊಂಡಾಗ ಆಗುವುದು ಬೇರೆ. ಅಲ್ಲಿ ಪಟ್ಟಿ ರಕ್ತ ಹರಿಯದಂತೆ ಬಿಗಿಯುತ್ತಿರುತ್ತದೆ, ಇಲ್ಲವೇ ಪಟ್ಟಿಯ ಅಂಚು ಉಗುರಿನ ಬುಡಕ್ಕೆ ಚುಚ್ಚುತ್ತಿರುತ್ತದೆ. ಚರ್ಮ ಎಷ್ಟು ದಪ್ಪವಾದರೂ ರಕ್ತನಾಳ ಬಿಗಿತಕ್ಕೆ ಒಗ್ಗುವುದಿಲ್ಲ. ಹೆಬ್ಬೆರಳ ತುದಿ ನೇರಳೆ ಬಣ್ಣಕ್ಕೆ ತಿರುಗಿ ಪಟಪಟ ಅನ್ನಲು ಶುರು ಮಾಡಿದರೆ ಅದು ಅಭ್ಯಾಸದ ಕೊರತೆ ಅಲ್ಲ, ಸೈಜ್ ತಪ್ಪು. ಆ ಪಿಕ್ ತೆಗೆದು ಪಕ್ಕಕ್ಕಿಡಬೇಕು. ಮಗುವಿಗೆ ಬೈಯಬಾರದು.

ಇಷ್ಟೆಲ್ಲ ಕಷ್ಟಪಟ್ಟು ಇದನ್ನು ಹಾಕಿಕೊಳ್ಳುವುದಾದರೂ ಯಾಕೆ ಎಂದು ಕೇಳುವವರಿಗೆ ಒಂದು ಸಣ್ಣ ಕಥೆ ಇದೆ. ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಕಲ್ಲಿದ್ದಲು ಗಣಿಗಳಿರುವ ಮ್ಯೂಲೆನ್‌ಬರ್ಗ್ ಕೌಂಟಿ ಎಂಬ ಸೀಮೆ ಇದೆ. ಅಲ್ಲಿ 1917ರಲ್ಲಿ ಹುಟ್ಟಿದ ಮರ್ಲ್ ಟ್ರಾವಿಸ್ ಹೆಬ್ಬೆರಳಿಗೆ ಪಿಕ್ ಹಾಕಿಕೊಂಡು ದಪ್ಪ ತಂತಿಗಳ ಮೇಲೆ ತಾಳ ಹಿಡಿಯುತ್ತಿದ್ದ, ಅದೇ ಹೊತ್ತಿಗೆ ತೋರುಬೆರಳಿನಿಂದ ಸಣ್ಣ ತಂತಿಗಳ ಮೇಲೆ ಹಾಡು ನುಡಿಸುತ್ತಿದ್ದ. ಒಬ್ಬನೇ ಕೂತು ಇಬ್ಬರ ಕೆಲಸ. ಈಗಲೂ ಈ ಶೈಲಿಗೆ ಅವನ ಹೆಸರೇ ಇದೆ, ಟ್ರಾವಿಸ್ ಪಿಕಿಂಗ್ ಎನ್ನುತ್ತಾರೆ. ಮುಂದೆ ದೊಡ್ಡ ಗಿಟಾರ್ ವಾದಕನಾದ ಚೆಟ್ ಅಟ್ಕಿನ್ಸ್ ಹುಡುಗನಾಗಿದ್ದಾಗ ಇದನ್ನು ರೇಡಿಯೋದಲ್ಲಿ ಕೇಳಿದ. ಕಣ್ಣಿಗೆ ಕಾಣುವುದಿಲ್ಲವಲ್ಲ, ಟ್ರಾವಿಸ್ ಹೆಬ್ಬೆರಳಿನ ಜೊತೆ ಒಂದೇ ಬೆರಳಿನಲ್ಲಿ ನುಡಿಸುತ್ತಾನೆ ಎಂದು ಅವನಿಗೆ ಗೊತ್ತಾಗಲಿಲ್ಲ. ಹೆಬ್ಬೆರಳಿನ ಜೊತೆ ಇನ್ನೂ ಹೆಚ್ಚು ಬೆರಳು ಸೇರಿಸಿ ತನ್ನದೇ ಒಂದು ದಾರಿ ಮಾಡಿಕೊಂಡ. ಇಡೀ ಜಗತ್ತು ಆಮೇಲೆ ಆ ದಾರಿ ಹಿಡಿಯಿತು. ಈ ಚೆಟ್ ಅಟ್ಕಿನ್ಸ್ ಹುಟ್ಟಿದ್ದು 1924ರಲ್ಲಿ. ಅದೇ ವರ್ಷ ನಮ್ಮ ಸುಳೇಭಾವಿಯಲ್ಲಿ ಕುಮಾರ ಗಂಧರ್ವರು ಹುಟ್ಟಿದರು. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಬಿಡಿ, ಸುಮ್ನೆ ನೆನಪಾಯಿತು.

ಈ ಶೈಲಿಯಲ್ಲಿ ಅಂಗೈಯ ಅಂಚನ್ನು ಬ್ರಿಜ್ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ತುಂಡು) ಹತ್ತಿರ ದಪ್ಪ ತಂತಿಗಳ ಮೇಲೆ ಸ್ವಲ್ಪ ಒರಗಿಸಿ ಅವುಗಳ ಗುಂಯ್ ಸದ್ದನ್ನು ತಗ್ಗಿಸುತ್ತಾರೆ. ತಗ್ಗಿಸಿದ ತಂತಿ ಬರೀ ಹೆಬ್ಬೆರಳ ಮಾಂಸದಿಂದ ಮೀಟಿದರೆ ಅಷ್ಟಾಗಿ ಕೇಳಿಸುವುದಿಲ್ಲ. ಪಿಕ್ ಇದ್ದರೆ ಟಕ್ ಎಂದು ಏಳುತ್ತದೆ. ಇವತ್ತು ಆಸ್ಟ್ರೇಲಿಯಾದ ಟಾಮಿ ಇಮ್ಯಾನ್ಯುಯೆಲ್ ನುಡಿಸುವುದನ್ನು ಮೊಬೈಲ್‌ನಲ್ಲಿ ನೋಡಿ, ಅವರ ಹೆಬ್ಬೆರಳಿನಲ್ಲಿ ಇರುವುದು ಇದೇ. ನಮ್ಮ ಹಿಂದೂಸ್ತಾನಿಯಲ್ಲೂ ಇದು ಹೊಸದಲ್ಲ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಉಕ್ಕಿನ ಬಾರ್ ಜಾರಿಸಿ ರಾಗ ನುಡಿಸುವವರ ಬಲಗೈಯಲ್ಲಿ ಪಿಕ್‌ಗಳನ್ನು ನೋಡಬಹುದು. ಬ್ರಿಜ್ ಭೂಷಣ್ ಕಾಬ್ರಾ ಆ ದಾರಿ ತೆರೆದರು, ವಿಶ್ವಮೋಹನ ಭಟ್ಟರು ಗಿಟಾರನ್ನೇ ಬದಲಿಸಿ ಮಾಡಿದ ತಮ್ಮ ಮೋಹನ ವೀಣೆಗೆ 1994ರಲ್ಲಿ ಗ್ರ್ಯಾಮಿ ತಂದರು.

ಈಗ ಅಂಗಡಿಯ ಮಾತು. ಹೆಸರು ಬೇಡ, ಒಂದು ದೊಡ್ಡ ಅಂಗಡಿಯಲ್ಲೇ ಥಂಬ್ ಪಿಕ್ ಕೇಳಿದರೆ ಪ್ಲಾಸ್ಟಿಕ್ ಕವರಿನಲ್ಲಿ ಸೀಲ್ ಆಗಿರುವ ಒಂದನ್ನು ಕೌಂಟರ್ ಮೇಲೆ ಇಟ್ಟರು. ಬೇರೆ ಸೈಜ್ ಇದೆಯಾ ಎಂದರೆ, "ಸೈಜ್ ಗೀಜ್ ಏನಿಲ್ಲರಿ ಸರ್, ಎಲ್ಲಾರಿಗೂ ಇದ ಬರ್ತೈತಿ." ಹಾಕಿ ನೋಡಬಹುದಾ ಎಂದರೆ, "ಕವರ್ ಹರಿದ್ರ ತಗೋಬೇಕಾಗ್ತೈತ್ರಿ." ಆನ್‌ಲೈನ್ ಕೂಡ ಏನೂ ಮೇಲಲ್ಲ, ಎಷ್ಟೋ ಕಡೆ ಸೈಜ್ ಜಾಗದಲ್ಲಿ ಫ್ರೀ ಸೈಜ್ ಎಂದು ಬರೆದಿರುತ್ತಾರೆ. ಹನ್ನೆರಡು ವರ್ಷದ ಹುಡುಗಿಯ ಹೆಬ್ಬೆರಳಿಗೂ ಫೌಂಡ್ರಿಯಲ್ಲಿ ಅಚ್ಚು ಎತ್ತುವವನ ಹೆಬ್ಬೆರಳಿಗೂ ಒಂದೇ ಸೈಜ್ ಹೇಗೆ ಆಗುತ್ತದೆ? ಸಣ್ಣ, ಮಧ್ಯಮ, ದೊಡ್ಡದು ಎಂದು ಒಳ್ಳೆಯ ಕಂಪನಿಗಳು ಬೇರೆ ಬೇರೆ ಸೈಜ್ ಮಾಡುತ್ತವೆ, ಇಲ್ಲಿ ತರಿಸುವವರು ಇಲ್ಲ ಅಷ್ಟೇ. ಸಿತಾರ್ ಕಲಿಯುವವರಿಗೆ ಹೀಗಾಗುವುದಿಲ್ಲ ನೋಡಿ. ಅವರು ಬೆರಳಿಗೆ ತೊಡುವ ಮಿಜರಾಬ್ ಉಕ್ಕಿನ ತಂತಿಯದು, ಅದೂ ಬಿಗಿಯಾಗಿಯೇ ಇರುತ್ತದೆ, ಅದೂ ಗುರುತು ಮೂಡಿಸುತ್ತದೆ. ಆದರೆ ಗುರುಗಳು ಶಿಷ್ಯನ ಬೆರಳಿಗೆ ಹಾಕಿ ನೋಡಿ, ಸಡಿಲ ಆದರೆ ಇಕ್ಕಳದಲ್ಲಿ ಒತ್ತಿ, ಬಿಗಿ ಆದರೆ ಅಗಲಿಸಿ ಕೊಡುತ್ತಾರೆ. ಸಿತಾರಿಗೆ ಹೆಸರಾದ ಧಾರವಾಡ ಪಕ್ಕದಲ್ಲೇ ಇದ್ದೂ ಗಿಟಾರಿನವರು ಇದನ್ನು ಕಲಿಯಲಿಲ್ಲ ಎಂದರೆ ಏನು ಹೇಳುವುದು.

ಹಾಕಿ ನೋಡಲು ಬಿಡುವ ಅಂಗಡಿ ಸಿಕ್ಕಿದರೆ ಏನು ನೋಡಬೇಕು ಎಂದು ಹೇಳುತ್ತೇನೆ. ಪಟ್ಟಿ ಕೂರಬೇಕಾದದ್ದು ಹೆಬ್ಬೆರಳಿನ ಉಗುರಿನ ಬುಡ ಮತ್ತು ಮೊದಲ ಗೆಣ್ಣಿನ ನಡುವೆ. ಗೆಣ್ಣಿನ ಮೇಲೆಯೇ ಕೂತರೆ ಬೆರಳು ಮಡಚಲು ಬರುವುದಿಲ್ಲ. ಉಗುರಿನ ಮೇಲೆ ಹತ್ತಿದರೆ ಪಿಕ್ ಮುಂದಕ್ಕೆ ಜಾರಿ ಹಾರಿಹೋಗುತ್ತದೆ, ಅಥವಾ ಉಗುರನ್ನೇ ಅಮುಕುತ್ತದೆ. ಹಾಕಿಕೊಂಡ ಮೇಲೆ ಕೈಯನ್ನು ಕೆಳಗೆ ಬಿಟ್ಟು ಜಾಡಿಸಿ. ಬೀಳಬಾರದು. ಆಮೇಲೆ ಇನ್ನೊಂದು ಕೈಯ ಬೆರಳಿನಿಂದ ನಾಲಿಗೆಯನ್ನು ಹಿಂದಕ್ಕೆ ತಳ್ಳಿ, ತಂತಿ ತಳ್ಳುವ ಹಾಗೆಯೇ. ಪಟ್ಟಿ ಬೆರಳಿನ ಸುತ್ತ ತಿರುಗಿದರೆ ಅದು ದೊಡ್ಡದು. ಬೀಳದೇ ಇರುವುದು ಬೇರೆ, ತಿರುಗದೇ ಇರುವುದು ಬೇರೆ. ಎಷ್ಟೋ ಜನ ಬೀಳಲಿಲ್ಲ ಎಂದು ಕೊಂಡು ತರುತ್ತಾರೆ, ಮನೆಯಲ್ಲಿ ಎರಡು ಹಾಡು ನುಡಿಸುವಷ್ಟರಲ್ಲಿ ನಾಲಿಗೆ ಆಕಾಶ ನೋಡುತ್ತಿರುತ್ತದೆ, ಆಗ ಪಿಕ್ ತಿರುಗದಿರಲಿ ಎಂದು ಹೆಬ್ಬೆರಳನ್ನು ಬಿಗಿ ಹಿಡಿಯುತ್ತಾರೆ, ಆ ಬಿಗಿ ಮಣಿಕಟ್ಟಿಗೆ ಹೋಗುತ್ತದೆ, ಮಣಿಕಟ್ಟಿನಿಂದ ಮೊಳಕೈಗೆ, ಕೊನೆಗೆ ಗಿಟಾರ್ ನುಡಿಸಿದರೆ ಕೈ ನೋವು ಎಂಬ ಹೆಸರು ಬರುತ್ತದೆ. ಅದಕ್ಕೇ ಸಡಿಲ ಪಿಕ್ ಕೂಡ ಬಿಗಿ ಪಿಕ್‌ನಷ್ಟೇ ಕೆಟ್ಟದ್ದು.

ಬಿಗಿಯನ್ನು ನೋಡಲು ಮಾತ್ರ ಸ್ವಲ್ಪ ಹೊತ್ತು ಬೇಕು. ಹಾಕಿಕೊಂಡ ಕ್ಷಣಕ್ಕೆ ಎಲ್ಲವೂ ಸರಿ ಅನ್ನಿಸುತ್ತದೆ. ಹತ್ತು ನಿಮಿಷ ಹಾಗೇ ಇಟ್ಟುಕೊಂಡು, ಅಂಗಡಿಯವರ ಜೊತೆ ಮಾತಾಡುತ್ತಾ ಇರಿ, ಆಮೇಲೆ ಬೆರಳಿನ ಬಣ್ಣ ನೋಡಿ. ತೆಗೆದಾಗ ತೆಳುವಾದ ಗುರುತು ಇದ್ದರೆ ಪರವಾಗಿಲ್ಲ. ಹೊಂಡ ಬಿದ್ದಿದ್ದರೆ ಅದು ನಿಮ್ಮದಲ್ಲ. ಆಗುವುದಾದರೆ ಸಂಜೆ ಹೋಗಿ ನೋಡಿ, ದಿನವೆಲ್ಲ ಕೆಲಸ ಮಾಡಿದ ಮೇಲೆ ಬೆರಳು ಸ್ವಲ್ಪ ಉಬ್ಬಿರುತ್ತದೆ ಮತ್ತು ನಾವು ನುಡಿಸುವುದೂ ಸಂಜೆಯೇ. ಹವೆ ಕೂಡ ಆಟ ಆಡುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಸರಿಯಾಗಿ ಕೂರುವ ಪಿಕ್ ಬೆಳಗಾವಿಯ ಜುಲೈ ಮಳೆಯಲ್ಲಿ ಸಡಿಲ ಅನ್ನಿಸುತ್ತದೆ, ಚಳಿಗೆ ಬೆರಳು ಸಣ್ಣಗಾಗುತ್ತದೆ. ಇದು ಭ್ರಮೆ ಅಲ್ಲ, ಉಂಗುರ ಹಾಕುವ ಯಾರನ್ನು ಕೇಳಿದರೂ ಹೇಳುತ್ತಾರೆ.

ಸರಿ, ಅಂಗಡಿಯಲ್ಲಿ ಒಂದೇ ಸೈಜ್ ಸಿಕ್ಕಿತು, ಅದನ್ನೇ ತಂದಿರಿ. ಎಸೆಯಬೇಕಾಗಿಲ್ಲ. ಇಲ್ಲಿಂದ ಮುಂದೆ ನನ್ನ ಕಸುಬಿನ ವಿಷಯ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಜಾಗ ಸಾಲದಿದ್ದರೆ ಸಂಪಾದಕರು ಮೇಲಿನ ರೇಡಿಯೋ ಕಥೆಗೆ ಕತ್ತರಿ ಹಾಕಲಿ, ಇದಕ್ಕೆ ಬೇಡ.

ಪಿಕ್ ಯಾವ ಸಾಮಾನಿನಿಂದ ಮಾಡಿದ್ದು ಎಂದು ಮೊದಲು ನೋಡಬೇಕು. ಆಮೆ ಚಿಪ್ಪಿನ ಹಾಗೆ ಕಂದು ಹಳದಿ ಮಚ್ಚೆ ಇರುವ, ಅಥವಾ ಮುತ್ತಿನ ಬಿಳಿ ಹೊಳಪಿರುವ ಹೊಳೆಯುವ ಪಿಕ್‌ಗಳು ಹೆಚ್ಚಾಗಿ ಸೆಲ್ಯುಲಾಯ್ಡ್. ಹಳೆಯ ಟೇಬಲ್ ಟೆನಿಸ್ ಚೆಂಡು ಮಾಡುತ್ತಿದ್ದದ್ದು ಇದರಿಂದಲೇ. ಇದು ಬಿಸಿ ನೀರಿಗೆ ಬಗ್ಗುತ್ತದೆ. ಕುದಿಸಿ ಒಲೆಯಿಂದ ಇಳಿಸಿದ ನೀರಿನಲ್ಲಿ ಪಿಕ್ ಅನ್ನು ಚಮಚದಲ್ಲಿಟ್ಟು ಕೆಲವು ಸೆಕೆಂಡ್ ಮುಳುಗಿಸಿ. ಮೆತ್ತಗಾದ ಕೂಡಲೇ ತೆಗೆದು, ನಿಮ್ಮ ಹೆಬ್ಬೆರಳಿನ ದಪ್ಪದ ಮಾರ್ಕರ್ ಪೆನ್ನೋ ಮರದ ಕಡ್ಡಿಯೋ ಇದ್ದರೆ ಅದಕ್ಕೆ ತೊಡಿಸಿ, ಬೇಕಾದಷ್ಟು ಅಗಲಿಸಿ ಅಥವಾ ಬಿಗಿ ಮಾಡಿ, ಹಾಗೇ ಹಿಡಿದುಕೊಂಡು ತಣ್ಣೀರಿಗೆ ಹಾಕಿ. ತಣ್ಣಗಾದ ಮೇಲೆ ಬಿಡಿ. ಬಿಸಿ ಇರುವಾಗಲೇ ಬೆರಳಿಗೆ ಹಾಕಿಕೊಳ್ಳಲು ಹೋಗಬೇಡಿ, ಬೊಬ್ಬೆ ಬರುತ್ತದೆ. ತಗಡು ಬಗ್ಗಿಸುವವರಿಗೆ ಗೊತ್ತಿರುತ್ತದೆ, ಬಗ್ಗಿಸಿದ್ದು ಬಿಟ್ಟ ಮೇಲೆ ಸ್ವಲ್ಪ ಹಿಂದಕ್ಕೆ ಬರುತ್ತದೆ. ಪಿಕ್ ಕೂಡ ಹಾಗೇ. ಬೇಕಾದ್ದಕ್ಕಿಂತ ಒಂದು ಕೂದಲೆಳೆ ಜಾಸ್ತಿ ಅಗಲಿಸಿದರೆ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತದೆ. ಒಂದೇ ಸಲಕ್ಕೆ ಆಗದಿದ್ದರೆ ಮತ್ತೆ ಮಾಡಿ.

ಒಂದು ಮಾತು ದಪ್ಪ ಅಕ್ಷರದಲ್ಲಿ ಹಾಕಿದರೂ ಆದೀತು. ಮೇಣದ ಬತ್ತಿ, ಲೈಟರ್, ಗ್ಯಾಸ್ ಒಲೆ ಉರಿ, ಯಾವುದರ ಮೇಲೂ ಪಿಕ್ ಹಿಡಿಯಬೇಡಿ. ಸೆಲ್ಯುಲಾಯ್ಡ್ ಭಗ್ ಎಂದು ಹತ್ತಿಕೊಳ್ಳುವ ವಸ್ತು. ಹಳೆಯ ಸಿನಿಮಾ ರೀಲುಗಳಿಂದ ಚಿತ್ರಮಂದಿರಗಳಿಗೆ ಬೆಂಕಿ ಬೀಳುತ್ತಿದ್ದದ್ದು ಇದೇ ಜಾತಿಯ ಫಿಲ್ಮ್‌ನಿಂದ. ಮಕ್ಕಳು ಇದನ್ನು ಒಬ್ಬರೇ ಮಾಡುವುದು ಬೇಡ, ಬಿಸಿ ನೀರೇ ಆದರೂ ದೊಡ್ಡವರು ಪಕ್ಕದಲ್ಲಿರಲಿ.

ಇನ್ನೊಂದು ಬಗೆ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್. ಉದ್ಯಮಬಾಗದಲ್ಲಿ ಈ ಹೆಸರು ಗೊತ್ತಿಲ್ಲದವರು ಕಡಿಮೆ, ಬುಷ್, ಗೇರ್, ವಾಷರ್ ಮಾಡಲು ಇದರ ರಾಡ್ ಬರುತ್ತದೆ. ಜಾರುವ ಗುಣ, ಬೇಗ ಸವೆಯುವುದಿಲ್ಲ. ಅದೇ ಗುಣಕ್ಕಾಗಿ ಪಿಕ್‌ಗೂ ಬಳಸುತ್ತಾರೆ, ತಂತಿಯ ಮೇಲೆ ಸಲೀಸಾಗಿ ಜಾರುತ್ತದೆ, ಸದ್ದು ಸ್ವಲ್ಪ ಮೃದು. ಆದರೆ ಇದು ಕರಗುವುದು 175 ಡಿಗ್ರಿ ಸೆಲ್ಸಿಯಸ್ ಹತ್ತಿರ. ಕುದಿಯುವ ನೀರು ಇದಕ್ಕೆ ಸ್ನಾನ ಮಾಡಿಸಿದ ಹಾಗೆ ಅಷ್ಟೇ, ಹೆಚ್ಚೇನೂ ಬಗ್ಗುವುದಿಲ್ಲ. ಬಗ್ಗಲಿಲ್ಲ ಎಂದು ಉರಿಗೆ ಹಿಡಿದರೆ ಕಣ್ಣು ಮೂಗು ಉರಿಸುವ ವಿಷದ ಹೊಗೆ ಬರುತ್ತದೆ. ಆದ್ದರಿಂದ ಡೆಲ್ರಿನ್ ಪಿಕ್ ತೆಗೆದುಕೊಳ್ಳುವವರು ಸೈಜ್ ಸರಿ ಇದ್ದರೆ ಮಾತ್ರ ತೆಗೆದುಕೊಳ್ಳಿ. ತುಸು ಬಿಗಿ ಇದ್ದರೆ ಪಟ್ಟಿಯ ಒಳಮೈ ಕೆರೆದು ತೆಳ್ಳಗೆ ಮಾಡಬಹುದು, ಅಷ್ಟು ಮಾತ್ರ.

ಹಿತ್ತಾಳೆ, ನಿಕಲ್, ಸ್ಟೀಲ್ ಪಟ್ಟಿಯ ಪಿಕ್‌ಗಳೂ ಇವೆ. ಕೈಯಲ್ಲೇ ಒತ್ತಿ ಸೈಜ್ ಬದಲಿಸಬಹುದು, ಅದೇ ಅವುಗಳ ದೊಡ್ಡ ಲಾಭ. ನಾಲಿಗೆಯೂ ಲೋಹದ್ದೇ ಆದರೆ ಗಿಟಾರಿನಲ್ಲಿ ಕಿರ್ ಕಿರ್ ಸದ್ದು ಬರುತ್ತದೆ, ನನಗಂತೂ ಇಷ್ಟ ಇಲ್ಲ, ಬ್ಯಾಂಜೋದವರಿಗೆ ಬೇಕಾಗಬಹುದು. ಪಟ್ಟಿ ಲೋಹದ್ದು, ನಾಲಿಗೆ ಪ್ಲಾಸ್ಟಿಕ್ ಇರುವ ಜೋಡು ಪಿಕ್‌ಗಳು ಬರುತ್ತವೆ. ಬೆರಳು ಬೇಗ ಉಬ್ಬುವವರಿಗೆ, ವಯಸ್ಸಾದವರಿಗೆ ಅದೇ ಒಳ್ಳೆಯದು ಅನ್ನುತ್ತೇನೆ.

ಅಗ್ಗದ ಪಿಕ್‌ಗಳಲ್ಲಿ ಸೈಜ್ ಸರಿ ಇದ್ದರೂ ಚುಚ್ಚುವುದುಂಟು. ಅದಕ್ಕೆ ಕಾರಣ ಪಟ್ಟಿಯ ಅಂಚಿನಲ್ಲಿ ಉಳಿದ ಬರ್, ಅಂದರೆ ಚೂಪಾದ ಸಿಬಿರು. ಅಚ್ಚಿನಿಂದ ತೆಗೆದ ಮೇಲೆ ಅಂಚು ಉಜ್ಜದೇ ಹಾಗೇ ಕವರಿಗೆ ತುಂಬಿರುತ್ತಾರೆ. ಉಗುರಿನಿಂದ ಅಂಚಿನ ಮೇಲೆ ಎಳೆದು ನೋಡಿ, ತಡೆದರೆ ಅದೇ. ನಮ್ಮಲ್ಲಿ ಬರ್ ತೆಗೆಯದ ಜಾಬ್ ಇನ್‌ಸ್ಪೆಕ್ಷನ್‌ನಲ್ಲೇ ವಾಪಸ್ ಬರುತ್ತದೆ, ಬೆರಳಿಗೆ ಹಾಕಿಕೊಳ್ಳುವ ಸಾಮಾನಿಗೆ ಯಾರೂ ಕೇಳುವುದಿಲ್ಲ. ಸಣ್ಣ ಕಾನಸ್ (ಅರ) ಇದ್ದರೆ ಅಂಚನ್ನು ಗುಂಡಗೆ ಮಾಡಿ, ಇಲ್ಲದಿದ್ದರೆ ಹೆಣ್ಣುಮಕ್ಕಳು ಉಗುರು ಉಜ್ಜುವ ಫೈಲ್ ಸಾಕು. ಮೇಲೆ ನುಣುಪಾದ ಎಮರಿ ಪೇಪರ್‌ಗೆ ನೀರು ಹಚ್ಚಿ ಉಜ್ಜಿ, ಕೊನೆಗೆ ಹಳೆಯ ಜೀನ್ಸ್ ಬಟ್ಟೆಯ ಮೇಲೆ ತಿಕ್ಕಿ ಹೊಳಪು ಮಾಡಿ. ಇಷ್ಟೇ ಮಾಡಿಕೊಟ್ಟು ಎಷ್ಟೋ ಹುಡುಗರ ನೋವು ಹೋದದ್ದನ್ನು ನೋಡಿದ್ದೇನೆ.

ನಾಲಿಗೆಯ ಉದ್ದದ ಬಗ್ಗೆ ಯಾರೂ ಮಾತಾಡುವುದಿಲ್ಲ, ನನ್ನ ಪ್ರಕಾರ ಕಾಟ ಕೊಡುವುದೇ ಅದು. ಕಂಪನಿಯಿಂದ ಬರುವ ಬಹಳಷ್ಟು ಪಿಕ್‌ಗಳ ನಾಲಿಗೆ ಬೇಕಾದ್ದಕ್ಕಿಂತ ಉದ್ದ. ಉದ್ದ ನಾಲಿಗೆ ತಂತಿಗಳ ನಡುವೆ ಆಳಕ್ಕೆ ಇಳಿಯುತ್ತದೆ, ಸಿಕ್ಕಿಕೊಳ್ಳುತ್ತದೆ, ಹೊರಗೆ ತರಲು ಜೋರು ಮಾಡಬೇಕು, ಜೋರು ಮಾಡಿದಾಗ ಪಟ್ಟಿ ತಿರುಗುತ್ತದೆ. ಪಿಕ್ ತಿರುಗುತ್ತದೆ ಎಂದು ಇನ್ನೂ ಬಿಗಿಯಾದ ಪಟ್ಟಿ ಹುಡುಕುತ್ತಾರೆ, ಬೆರಳು ನೇರಳೆ ಆಗುತ್ತದೆ. ನಾಲಿಗೆ ಗಿಡ್ಡ ಮಾಡಿದ್ದರೆ ಮುಗಿಯುತ್ತಿತ್ತು! ಹೆಬ್ಬೆರಳಿನ ಅಂಚಿನಿಂದ ಸ್ವಲ್ಪ ಹೊರಗೆ ಇಣುಕಿದರೆ ಸಾಕು. ನೇಲ್ ಕಟರ್‌ನಿಂದ ಕಡ್ಡಿಯಷ್ಟು ಕತ್ತರಿಸಿ, ನುಡಿಸಿ ನೋಡಿ, ಮತ್ತೆ ಕಡ್ಡಿಯಷ್ಟು. ಒಮ್ಮೆಲೇ ಕತ್ತರಿಸಿದರೆ ವಾಪಸ್ ಅಂಟಿಸಲು ಬರುವುದಿಲ್ಲ. ತುದಿ ಚೂಪಾಗಿದ್ದರೆ ಸದ್ದು ಚುರುಕು, ಗುಂಡಗಿದ್ದರೆ ಗಂಭೀರ. ತೆಳು ನಾಲಿಗೆ ಬಾಗಿ ಟಿಕ್ ಟಿಕ್ ಅನ್ನುತ್ತದೆ, ದಪ್ಪ ನಾಲಿಗೆಯಲ್ಲಿ ಬೇಸ್ ತುಂಬಿಕೊಂಡು ಬರುತ್ತದೆ. ಯಾವುದು ಮೇಲು ಎಂದು ಜಗಳ ಬೇಡ, ಕಿವಿಗೆ ಬಿಟ್ಟದ್ದು.

ಬೆವರಿನ ಕೈಯವರಿಗೆ ಪಿಕ್ ಜಾರುತ್ತದೆ. ಪಟ್ಟಿಯ ಒಳಗೆ ಔಷಧಿ ಅಂಗಡಿಯಲ್ಲಿ ಸಿಗುವ ಬಟ್ಟೆಯ ಅಂಟುಪಟ್ಟಿ ತುಂಡು ಅಂಟಿಸಿ, ಅಥವಾ ಒಳಮೈಯನ್ನು ಎಮರಿ ಪೇಪರ್‌ನಿಂದ ಒರಟು ಮಾಡಿ.

ಕೆಲವೊಮ್ಮೆ ಪಿಕ್ ಸರಿ ಇರುತ್ತದೆ, ಕೈ ಸರಿ ಇರುವುದಿಲ್ಲ. ಬರೀ ಬೆರಳಿನಲ್ಲಿ ನುಡಿಸುವಾಗ ಹೆಬ್ಬೆರಳು ತಂತಿಗೆ ಹತ್ತಿರ ಇರುತ್ತದೆ. ಪಿಕ್ ಹಾಕಿದಾಗ ನಾಲಿಗೆಯ ಉದ್ದ ನಡುವೆ ಬಂತಲ್ಲ, ಮಣಿಕಟ್ಟನ್ನು ಸ್ವಲ್ಪ ಮೇಲೆ ಎತ್ತಿ ಕೋನ ಬದಲಿಸಬೇಕು, ನಾಲಿಗೆ ತಂತಿಗೆ ಚಪ್ಪಟೆಯಾಗಿ ತಾಗುವ ಹಾಗೆ. ಓರೆಯಾಗಿ ತಾಗಿದರೆ ಕೆರೆಯುವ ಸದ್ದು ಬರುತ್ತದೆ. ಹೊಸಬರು ಹೆಬ್ಬೆರಳಿನ ತುದಿ ಗೆಣ್ಣನ್ನು ಮಡಚಿ ಮಡಚಿ ಮೀಟುತ್ತಾರೆ, ಆಗ ಪಟ್ಟಿ ಪ್ರತಿ ಸಲ ಚರ್ಮವನ್ನು ಹಿಂಡುತ್ತದೆ. ಹೆಬ್ಬೆರಳು ಬುಡದಿಂದ ಆಡಬೇಕು, ತುದಿಯಿಂದಲ್ಲ. ಶುರುವಿಗೆ ಸಿ ಕಾರ್ಡ್ ಹಿಡಿದು ಹೆಬ್ಬೆರಳಿನಲ್ಲಿ ಮಾತ್ರ ಐದನೇ ತಂತಿ, ನಾಲ್ಕನೇ ತಂತಿ, ಮತ್ತೆ ಐದು, ನಾಲ್ಕು ಎಂದು ನಿಧಾನವಾಗಿ ಮೀಟಿ. ಬೇರೆ ಬೆರಳು ಬೇಡ. ತಾಳ ಕೂತ ಮೇಲೆ ಉಳಿದದ್ದು. ಮತ್ತು ಮೆಲ್ಲಗೆ ಮೀಟಿ, ಪಿಕ್ ತಾನೇ ಜೋರು ಸದ್ದು ಮಾಡುವ ವಸ್ತು, ಅದಕ್ಕೆ ನಿಮ್ಮ ಬಲ ಬೇಕಾಗಿಲ್ಲ.

ಎಲ್ಲರೂ ಇದನ್ನು ಕೊಳ್ಳಬೇಕು ಎಂದು ನಾನು ಹೇಳುತ್ತಿಲ್ಲ. ಗಣಪತಿ ಮಂಟಪದಲ್ಲಿ ಕಾರ್ಡ್ ಹಿಡಿದು ಸಿನಿಮಾ ಹಾಡಿಗೆ ಸ್ಟ್ರಮ್ ಮಾಡುವವರಿಗೆ ಸಾದಾ ತ್ರಿಕೋನ ಪಿಕ್ ಸಾಕು. ಕ್ಲಾಸಿಕಲ್ ಗಿಟಾರ್ ಕಲಿಯುವವರಿಗೆ ಉಗುರೇ ದಾರಿ, ಅವರ ಮಾಸ್ತರರು ಥಂಬ್ ಪಿಕ್ ನೋಡಿದರೆ ಸಿಟ್ಟಾಗುತ್ತಾರೆ. ಆದರೆ ಸಂಧಿವಾತ ಇದ್ದು ಸಾದಾ ಪಿಕ್ ಚಿವುಟಿ ಹಿಡಿಯಲು ಕಷ್ಟಪಡುವ ಹಿರಿಯರು ಇದನ್ನು ಒಮ್ಮೆ ನೋಡಬೇಕು, ಹಿಡಿಯುವ ಕೆಲಸವೇ ಇಲ್ಲ. ಮೇಲಾಗಿ ಗಿಟಾರಿನ ತೂತಿನೊಳಗೆ ಬೀಳುವುದಿಲ್ಲ, ಗಿಟಾರನ್ನು ತಲೆಕೆಳಗೆ ಮಾಡಿ ಅಲ್ಲಾಡಿಸುವ ಸರ್ಕಸ್ ತಪ್ಪುತ್ತದೆ.

ಹೆಸರು ಕೇಳುವವರಿಗೆ ಕೆಲವು ಹೇಳುತ್ತೇನೆ, ನನಗೆ ಯಾರೂ ಕಮಿಷನ್ ಕೊಡುವುದಿಲ್ಲ. ಡನ್‌ಲಪ್ ಮತ್ತು ನ್ಯಾಷನಲ್ ಹಳೆಯ ಸಾದಾ ಆಕಾರದವು, ಕಲಿಯಲು ಅಲ್ಲಿಂದ ಶುರು ಮಾಡಿ. ಫ್ರೆಡ್ ಕೆಲ್ಲಿಯವರ ಸ್ಪೀಡ್ ಪಿಕ್‌ನ ನಾಲಿಗೆ ಸಪೂರ, ಹಗುರ. ಬ್ಲ್ಯಾಕ್ ಮೌಂಟನ್‌ನ ಪಿಕ್‌ನಲ್ಲಿ ಸ್ಪ್ರಿಂಗ್ ಇದೆ, ಬೆರಳಿನ ದಪ್ಪಕ್ಕೆ ತಾನೇ ಹೊಂದಿಕೊಳ್ಳುತ್ತದೆ, ಬೆಲೆ ಜಾಸ್ತಿ. ಹರ್ಕೋದ ನಾಲಿಗೆ ಸಾದಾ ಪಿಕ್‌ನ ಹಾಗೆ ಅಗಲ, ಸ್ಟ್ರಮ್ಮೂ ಬೇಕು ಮೀಟುವುದೂ ಬೇಕು ಎನ್ನುವವರಿಗೆ.

ಎಡಗೈಯಲ್ಲಿ ಮೀಟುವ ಮಕ್ಕಳ ತಂದೆ ತಾಯಿಗೆ ಒಂದು ಮಾತು. ಸಾದಾ ಪಿಕ್ ಎರಡು ಕೈಗೂ ಆಗುತ್ತದೆ, ಥಂಬ್ ಪಿಕ್ ಆಗುವುದಿಲ್ಲ. ನಾಲಿಗೆ ಒಂದೇ ಪಕ್ಕಕ್ಕೆ ಚಾಚಿರುತ್ತದೆ. ಬಲಗೈಯದನ್ನು ತಿರುಗಿಸಿ ಹಾಕಿದರೆ ಪಟ್ಟಿ ಉಲ್ಟಾ ಕೂರುತ್ತದೆ. ಎಡಗೈಯದ್ದು ಬೇರೆಯೇ ಬರುತ್ತದೆ, ಕೇಳಿ ತರಿಸಿಕೊಳ್ಳಿ. ಇಲ್ಲದಿದ್ದರೆ ಮಗುವಿಗೆ ಲಕ್ಷ್ಯ ಇಲ್ಲ ಎಂಬ ಹೆಸರು ಬರುತ್ತದೆ, ತಪ್ಪು ಪಿಕ್‌ನದು.

ಕೊನೆಗೆ ನಮ್ಮ ಕಡೆಯ ವಾದ್ಯದ ಅಂಗಡಿಯವರಲ್ಲಿ ಒಂದು ವಿನಂತಿ. ಪ್ರತಿ ಸೈಜಿನದೂ ಒಂದೊಂದು ಥಂಬ್ ಪಿಕ್ ಕವರ್ ಬಿಚ್ಚಿ ಒಂದು ಡಬ್ಬಿಯಲ್ಲಿ ಇಡಿ, ಮೇಲೆ ಸೈಜ್ ಬರೆದು. ಬಂದವರು ಹಾಕಿ ನೋಡಲಿ, ತಮ್ಮ ಸೈಜಿನ ಹೊಸದನ್ನು ತೆಗೆದುಕೊಂಡು ಹೋಗಲಿ. ಬಿಚ್ಚಿಟ್ಟ ಆ ನಾಲ್ಕು ಪಿಕ್ ನಷ್ಟ ಎಂದು ನೀವು ಲೆಕ್ಕ ಹಾಕುತ್ತೀರಿ, ಗೊತ್ತು. ಆದರೆ ನೋವಾಗಿ ಗಿಟಾರ್ ಬಿಟ್ಟವನು ನಿಮ್ಮಲ್ಲಿ ತಂತಿಯನ್ನೂ ಕೊಳ್ಳುವುದಿಲ್ಲ. ಸರಿಯಾದ ಪಿಕ್ ಸಿಕ್ಕವನು ಹೇಗೂ ಅದನ್ನು ಅಂಗಿ ಜೇಬಿನಲ್ಲಿಟ್ಟು ಬಟ್ಟೆ ಒಗೆಯಲು ಹಾಕಿ ಕಳೆದುಕೊಳ್ಳುತ್ತಾನೆ, ಮತ್ತೆ ನಿಮ್ಮ ಅಂಗಡಿಗೇ ಬರುತ್ತಾನೆ.

ನಿಮ್ಮ ಓದುಗ,
ಉದ್ಯಮಬಾಗ, ಬೆಳಗಾವಿ